ಮೋನೋಗ್ರಾಮ್ ಬಿಡಿಸುವಿಕೆ

ಮೋನೋಗ್ರಾಮ್ ಬಿಡಿಸುವಿಕೆ: ಕಾರಿನ ಮೈಗೆ ಅಂಟಿಸಿದ ಕಂಪನಿ ಲಾಂಛನ, ಮಾದರಿಯ ಹೆಸರಿನ ಅಕ್ಷರ, ಡೀಲರ್ ಪಟ್ಟಿ, ಸ್ಟಿಕ್ಕರ್ ಮುಂತಾದವನ್ನು ಅಡಿಯ ಬಣ್ಣಕ್ಕೆ ಗೀರು ಬೀಳದಂತೆ, ಸಿಪ್ಪೆ ಏಳದಂತೆ ತೆಗೆಯುವ ಕೆಲಸ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಂದ ತಾಲ್ಲೂಕು ಕೇಂದ್ರದ ಸ್ಟಿಕ್ಕರ್ ಅಂಗಡಿಯವರೆಗೆ ಇವಕ್ಕೆ ಮೋನೋಗ್ರಾಮ್, ಎಂಬ್ಲಮ್, ಲೋಗೊ ಎಂಬ ಹೆಸರುಗಳು ಬಳಕೆಯಲ್ಲಿವೆ. ಕೆಲಸ ಸಣ್ಣದು. ಕಾರಿನ ಹಿಂಬಾಗಿಲ ಅಕ್ಷರಗಳನ್ನೆಲ್ಲ ಬಿಡಿಸಿ ಒರೆಸಲು ಒಂದೆರಡು ಗಂಟೆ ಸಾಕು. ಅದನ್ನೇ ಐದು ನಿಮಿಷದಲ್ಲಿ ಮುಗಿಸಲು ಹೋದವರು ಇಡೀ ಡಿಕ್ಕಿ ಬಾಗಿಲಿಗೆ ಬಣ್ಣ ಹೊಡೆಸಿದ್ದುಂಟು. ಇಲ್ಲಿ ನಡೆಯುವ ಹಾನಿಯಲ್ಲಿ ಬಹುಪಾಲು, ಅಂಟು ಮೆತ್ತಗಾಗುವ ಮುಂಚೆಯೇ ಕಿತ್ತದ್ದರಿಂದ ಆದದ್ದು.

ಅರಕೆರೆ ಸೀಮೆಯಲ್ಲಿ

ಅರಕೆರೆಯು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರ, ಕಾವೇರಿಯ ನಾಲೆ ನೀರಿನಲ್ಲಿ ಕಬ್ಬು ಭತ್ತ ಬೆಳೆಯುವ ಊರು. ಈ ಸೀಮೆಯಲ್ಲಿ ಕಾರು ಮನೆಯ ಮುಂದಷ್ಟೇ ನಿಲ್ಲುವುದಿಲ್ಲ, ಗದ್ದೆಯ ಬದುವಿನವರೆಗೂ ಹೋಗುತ್ತದೆ. ನಾಲೆ ಏರಿಯ ಕೆಮ್ಮಣ್ಣು, ಆಲೆಮನೆಯ ಮಸಿ, ಕಬ್ಬಿನ ತರಗಿನ ದೂಳು ಎಲ್ಲವೂ ಲಾಂಛನದ ಅಂಚಿನ ಸಂದಿಯಲ್ಲಿ ಕೂರುತ್ತವೆ. ಬೋರ್‌ವೆಲ್ ನೀರಿನಲ್ಲಿ ತೊಳೆದು ಒರೆಸದೆ ಬಿಟ್ಟರೆ ಆ ಸಂದಿಯಲ್ಲಿ ಉಪ್ಪು ಕಟ್ಟುತ್ತದೆ. ಆದ್ದರಿಂದ ಇಲ್ಲಿ ಬಿಡಿಸುವ ಕೆಲಸ ತೊಳೆಯುವುದರಿಂದ ಶುರುವಾಗಬೇಕು. ಒಣ ಮಣ್ಣಿನಲ್ಲಿರುವ ಮರಳಿನ ಕಣ ಕಾರಿನ ಮೇಲ್ಪದರಕ್ಕಿಂತ ಗಟ್ಟಿ. ಅದರ ಮೇಲೆ ಬಟ್ಟೆ ಉಜ್ಜಿದರೆ ಉಪ್ಪುಕಾಗದ ಉಜ್ಜಿದಂತೆಯೇ ಸರಿ.

ಅಂಟಿಸುವ ಸಂದರ್ಭಗಳಲ್ಲಿ ಮೊದಲನೆಯದು ಆಯುಧಪೂಜೆ. ಮೈಸೂರು ಒಡೆಯರ ದಸರಾ 1610ರಲ್ಲಿ ರಾಜ ಒಡೆಯರ ಕಾಲದಲ್ಲಿ ಶುರುವಾದದ್ದೇ ಶ್ರೀರಂಗಪಟ್ಟಣದಲ್ಲಿ. ಅಂದಿನ ಕತ್ತಿ ಗುರಾಣಿಗಳ ಜಾಗಕ್ಕೆ ಇಂದು ಟ್ರ್ಯಾಕ್ಟರು, ಕಾರು, ಬೈಕು ಬಂದಿವೆ. ಬಾಳೆಕಂದನ್ನು ಗ್ರಿಲ್‌ಗೆ ಕಟ್ಟುತ್ತಾರೆ. ಹೂವಿನ ಹಾರ, ಮಾವಿನ ಸೊಪ್ಪು, ಬಣ್ಣದ ಕಾಗದವನ್ನು ಬಾನೆಟ್ಟಿಗೆ ನಿಲ್ಲಿಸುವುದು ಮಾತ್ರ ಸೆಲ್ಲೊಟೇಪು. ಮದುವೆ ಕಾರಿಗೂ ಇದೇ ಸಿಂಗಾರ. ಹಬ್ಬ ಮುಗಿದು ಹೂವು ಬಾಡಿ ಬಿದ್ದರೂ ಟೇಪು ವಾರಗಟ್ಟಲೆ ಉಳಿಯುತ್ತದೆ. ಬಿಸಿಲಿಗೆ ಅದರ ಮೇಲಿನ ತೆಳು ಹಾಳೆ ಒಣಗಿ ಪುಡಿಯಾಗುತ್ತದೆ, ಅಂಟು ಹಳದಿ ತಿರುಗಿ ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ವಿಜಯದಶಮಿಯ ಬೆಳಿಗ್ಗೆಯೇ, ಇನ್ನೂ ಹಸಿಯಿರುವಾಗ ಟೇಪನ್ನು ಸುಲಿದುಬಿಟ್ಟರೆ ಈ ಲೇಖನದ ಅರ್ಧದಷ್ಟು ಕಷ್ಟ ಎದುರಾಗುವುದೇ ಇಲ್ಲ. ನೀರಿನಲ್ಲಿ ಕಲಸಿ ಹಚ್ಚಿದ ಕುಂಕುಮ ಬೇರೆಯೇ ತೊಂದರೆ. ಕೃತಕ ಬಣ್ಣದ ಕುಂಕುಮ ಬಿಳಿ ಬಂಪರಿನಲ್ಲಿ ಗುಲಾಬಿ ಕಲೆಯಾಗಿ ನಿಲ್ಲುವುದುಂಟು. ನಂಬರ್ ಪ್ಲೇಟಿನ ಪಕ್ಕಕ್ಕೆ ಹಚ್ಚುವ ಬದಲು ಗಾಜಿಗೆ ಇಟ್ಟರೆ ಪೂಜೆಗೆ ಕೊರತೆಯಾಗದು, ಕಲೆಯೂ ಒಂದು ಒರೆತಕ್ಕೆ ಹೋಗುತ್ತದೆ.

ಎರಡನೆಯ ಸಂದರ್ಭ ಹಳೆ ಕಾರಿನ ಖರೀದಿ. ಬೆಂಗಳೂರು, ಮೈಸೂರಿನಲ್ಲಿ ಒಂದೆರಡು ಕೈ ಬದಲಾದ ಕಾರು ಹಳ್ಳಿಗೆ ಬರುವಾಗ ಹಿಂದಿನವರ ಗುರುತುಗಳನ್ನೆಲ್ಲ ಹೊತ್ತು ಬರುತ್ತದೆ: ಡೀಲರ್ ಹೆಸರು, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಚೀಟಿ, ಕಚೇರಿಯ ಲಾಂಛನ, ಹಿಂದಿನ ಮಾಲೀಕರ ಮಕ್ಕಳ ಹೆಸರು. ಕೊಳ್ಳುವವರು ಇವನ್ನು ತೆಗೆದು ತಮ್ಮ ಮನೆದೇವರ ಹೆಸರು ಬರೆಸುತ್ತಾರೆ. ಮಂಡ್ಯ ಕಡೆಯ ಕಾರುಗಳಲ್ಲಿ ‘ರೈತ’ ಎಂಬ ಹಸಿರು ಪಟ್ಟಿ, ನಟ ಅಂಬರೀಶರ ಚಿತ್ರ, 2021ರ ಅಕ್ಟೋಬರ್ 29ರಂದು ತೀರಿಕೊಂಡ ನಂತರ ನಟ ಪುನೀತ್ ರಾಜ್‌ಕುಮಾರ್ ಅವರ ಚಿತ್ರ ಸಾಮಾನ್ಯ. ಇಂಥ ಚಿತ್ರಗಳನ್ನು ಕೆರೆದು ಚೂರು ಮಾಡಲು ಯಾರಿಗೂ ಮನಸ್ಸು ಬಾರದು. ಬಿಸಿ ತಾಗಿಸಿ ಒಂದೇ ಹಾಳೆಯಾಗಿ ಬಿಡಿಸಿಕೊಳ್ಳುವ ಕ್ರಮ ಅವಕ್ಕೆ ಹೇಳಿ ಮಾಡಿಸಿದ್ದು.

ಲಾಂಛನಗಳು ಅಂಟಿಗೆ ಬಂದದ್ದು

ಹಳೆಯ ಕಾರುಗಳಲ್ಲಿ ಲಾಂಛನವೆಂದರೆ ಲೋಹದ ಎರಕ. ಅದರ ಬೆನ್ನಿಗಿದ್ದ ಕಡ್ಡಿಗಳನ್ನು ತಗಡಿನ ತೂತಿಗೆ ತೂರಿಸಿ ಒಳಗಿನಿಂದ ಕ್ಲಿಪ್ಪಿನಲ್ಲಿ ಬಿಗಿಯುತ್ತಿದ್ದರು. 2014ರವರೆಗೆ ಉತ್ತರಪಾರದಲ್ಲಿ ತಯಾರಾದ ಅಂಬಾಸಿಡರ್ ಕಾರಿನ ಹಳೆಯ ಮಾದರಿಗಳಲ್ಲಿ ಇದೇ ಪದ್ಧತಿ. ಅಂಥ ಕಾರಿನಲ್ಲಿ ಲಾಂಛನ ತೆಗೆದರೆ ತೂತು ಉಳಿಯುತ್ತದೆ. ಮುಚ್ಚದೆ ಬಿಟ್ಟರೆ ಮಳೆನೀರು ಇಳಿದು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಇಂದಿನ ಲಾಂಛನ ಎಬಿಎಸ್ ಪ್ಲಾಸ್ಟಿಕ್ಕಿನ ಮೇಲೆ ಕ್ರೋಮ್ ಲೇಪಿಸಿದ್ದು, ಹೆಚ್ಚು ಕಡಿಮೆ ಒಂದು ಮಿಲಿಮೀಟರ್ ದಪ್ಪದ, ಎರಡೂ ಬದಿ ಅಂಟಿರುವ ಫೋಮ್ ಟೇಪಿನ ಮೇಲೆ ನಿಂತಿರುತ್ತದೆ. ಈ ಅಕ್ರಿಲಿಕ್ ಫೋಮ್ ಟೇಪನ್ನು ಅಮೆರಿಕದ 3ಎಂ ಕಂಪನಿ 1980ರಲ್ಲಿ ಮಾರುಕಟ್ಟೆಗೆ ತಂದಿತು. ಮಳೆ, ಬಿಸಿಲು, ಅಲುಗಾಟವನ್ನು ವರ್ಷಗಟ್ಟಲೆ ತಡೆಯಲೆಂದೇ ಮಾಡಿದ ವಸ್ತು ಅದು, ಸುಲಭವಾಗಿ ಬಿಡದಿರುವುದೇ ಅದರ ಗುಣ.

ಟೇಪಿಗೂ ಕಾರಿನ ಬಣ್ಣಕ್ಕೂ ಇನ್ನೂ ಹಳೆಯ ನಂಟಿದೆ. 1920ರ ದಶಕದಲ್ಲಿ ಎರಡು ಬಣ್ಣದ ಕಾರುಗಳು ಚಾಲ್ತಿಗೆ ಬಂದಾಗ, ಒಂದು ಬಣ್ಣ ಹೊಡೆಯುವಾಗ ಇನ್ನೊಂದನ್ನು ಮುಚ್ಚಲು ಪೇಂಟರುಗಳು ಅಂಟಿಸಿದ ಕಾಗದ ಕೀಳುವಾಗ ಬಣ್ಣವೂ ಕಿತ್ತುಬರುತ್ತಿತ್ತು. ಅವರ ಪಾಡು ಕಂಡ 3ಎಂ ಕಂಪನಿಯ ರಿಚರ್ಡ್ ಡ್ರೂ 1925ರಲ್ಲಿ ಮಾಸ್ಕಿಂಗ್ ಟೇಪ್ ರೂಪಿಸಿದರು. ಬಣ್ಣ ಕೆಡದಂತೆ ಬಿಡಿಸುವ ಚಿಂತೆಯಿಂದಲೇ ಹುಟ್ಟಿದ ಆ ಟೇಪು ಇಂದಿಗೂ ಲಾಂಛನ ಬಿಡಿಸುವಾಗ ಮೊದಲು ಕೈಗೆತ್ತಿಕೊಳ್ಳಬೇಕಾದ ವಸ್ತು.

ಲಾಂಛನ ಬದಲಾದರೆ ವಾಹನ ಬದಲಾಗದು ಎಂಬುದಕ್ಕೆ ಈ ಸೀಮೆಯ ಅಕ್ಕಪಕ್ಕದಲ್ಲೇ ಎರಡು ಒಳ್ಳೆಯ ನಿದರ್ಶನಗಳಿವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಚೆಕೊಸ್ಲೊವಾಕಿಯದ ಪರವಾನಗಿಯಲ್ಲಿ ಜಾವಾ ಬೈಕುಗಳನ್ನು ಮಾಡುತ್ತಿತ್ತು. 1970ರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ನಿಂತಿತು. ಮೈಸೂರು, ಮಂಡ್ಯದ ಮನೆಗಳ ಹಿತ್ತಲಿನಲ್ಲಿ ಇಂದೂ ಕಾಣುವ ಆ ಬೈಕುಗಳ ಕಾರ್ಖಾನೆಯ ಬಣ್ಣ, ಹೆಸರು ಎರಡಕ್ಕೂ ಸಂಗ್ರಾಹಕರಲ್ಲಿ ಬೆಲೆಯಿದೆ. ಅವನ್ನು ಬಿಡಿಸುವ ಮಾತು ಬಂದರೆ ನನ್ನ ಸಲಹೆ ಒಂದೇ: ಬೇಡ. ಇನ್ನೊಂದು ನಿದರ್ಶನ ಬಿಡದಿಯದು. ಅಲ್ಲಿನ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2022ರಿಂದ ತಯಾರಾದ ಅರ್ಬನ್ ಕ್ರೂಸರ್ ಹೈರೈಡರ್ ಮತ್ತು ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರ ಒಂದೇ ಬುನಾದಿಯ ಜೋಡಿ ಕಾರುಗಳು. ಮುಂಭಾಗದ ರೂಪ, ಲಾಂಛನ, ಮಾರುವ ಅಂಗಡಿ ಬೇರೆ.

ಬಣ್ಣದ ಪದರಗಳು

ಕಾರ್ಖಾನೆಯಿಂದ ಬಂದ ಕಾರಿನ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ತಲೆಕೂದಲಿನ ದಪ್ಪದ ಒಂದೂವರೆ, ಎರಡು ಪಟ್ಟು. ಇಷ್ಟರಲ್ಲೇ ನಾಲ್ಕು ಪದರ ಸೇರಿವೆ. ತಗಡಿಗೆ ವಿದ್ಯುತ್ತಿನ ನೆರವಿನಿಂದ ಕೂರಿಸಿದ ತುಕ್ಕುನಿರೋಧಕ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಕಣ್ಣಿಗೆ ಕಾಣುವ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಹೊಳಪು ಕೊಡುವುದೂ ಬಿಸಿಲನ್ನು ತಡೆಯುವುದೂ ಈ ಕೊನೆಯ ಪದರವೇ. ಅದರ ದಪ್ಪ 35ರಿಂದ 50 ಮೈಕ್ರಾನ್. ಉಗುರು ತಡೆಯುವಷ್ಟು ಆಳದ ಗೀರು ಬಿದ್ದರೆ ಪಾಲಿಶ್ ಮಾಡಿ ತೆಗೆಯುವುದು ಕಷ್ಟ.

ಯಾವ ದ್ರವ ಯಾವ ಬಣ್ಣವನ್ನು ಕರಗಿಸುತ್ತದೆ ಎಂಬುದನ್ನು ತಿಳಿಯಲು ಬೆಂಗಳೂರು ಮೈಸೂರು ರಸ್ತೆಯಲ್ಲೇ ಸಿಗುವ ಚನ್ನಪಟ್ಟಣದ ಬೊಂಬೆ ಸಾಕು. ಅದರ ಬಣ್ಣ ಅರಗಿನದು. ಅರಗು ನೀರಿಗೆ ಜಗ್ಗದು, ಸ್ಪಿರಿಟ್ಟಿಗೆ ಕರಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಮೈಸೂರಿನಲ್ಲಿ ಶುರುವಾದ ಬಣ್ಣದ ಕಾರ್ಖಾನೆಯ ಹೆಸರಿನಲ್ಲೇ ಅರಗಿತ್ತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಇಂದು ಮತದಾನದ ಅಳಿಸಲಾಗದ ಶಾಯಿಗೆ ಹೆಸರಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಅದೇ ಸಂಸ್ಥೆ. ಅರಗಿನ ಬಣ್ಣದಂತೆ, ಹಿಂದೆ ಕಾರುಗಳಿಗೆ ಹೊಡೆಯುತ್ತಿದ್ದ ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣವೂ ದ್ರವ ಆರಿ ಗಟ್ಟಿಯಾದದ್ದಷ್ಟೇ. ಥಿನ್ನರ್ ಸೋಕಿದರೆ ಮತ್ತೆ ಕರಗುತ್ತದೆ. ಇಂದಿನ ಕಾರ್ಖಾನೆ ಬಣ್ಣ ಹಾಗಲ್ಲ. ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯುವಾಗ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಬೆಂದ ಇಟ್ಟಿಗೆ ಮತ್ತೆ ಮಣ್ಣಾಗದ ಹಾಗೆ. ಒರೆಸುವಷ್ಟು ಹೊತ್ತು ತಾಗಿದ ಸ್ಪಿರಿಟ್ ಅದನ್ನು ಏನೂ ಮಾಡದು.

ಗ್ಯಾರೇಜಿನಲ್ಲಿ ಮರುಬಣ್ಣ ಕಂಡ ಕಾರು ಇವೆರಡರ ನಡುವಿನದು. ಬಾಗಿಲಿಗೆ ಟಿಂಕರಿಂಗ್ ಮಾಡಿ, ಪುಟ್ಟಿ ತುಂಬಿ, ಬಣ್ಣ ಹೊಡೆದಿದ್ದರೆ ಅದು ಕಡಿಮೆ ಶಾಖದಲ್ಲಿ ಆರಿರುತ್ತದೆ. ಕೆಳಗಿನ ಹಿಡಿತವೂ ಕಾರ್ಖಾನೆಯಷ್ಟು ಗಟ್ಟಿಯಿರಲಾರದು. ಅಂಟಿನ ಜೊತೆಗೆ ಬಣ್ಣ ಹೊಪ್ಪಳಿಕೆಯಾಗಿ ಎದ್ದುಬರುವುದು ಹೆಚ್ಚಾಗಿ ಇಂಥ ಕಡೆಯೇ. ಹಳೆ ಕಾರು ಕೊಂಡವರಿಗೆ ಯಾವ ಭಾಗ ಮರುಬಣ್ಣದ್ದು ಎಂದು ಗೊತ್ತಿರುವುದಿಲ್ಲ. ಪೆಟ್ರೋಲ್ ಮುಚ್ಚಳದ ಒಳಬದಿಯ ಬಣ್ಣಕ್ಕೂ ಹೊರಗಿನ ಬಣ್ಣಕ್ಕೂ ಛಾಯೆ ಹೊಂದದಿದ್ದರೆ, ಬಾಗಿಲ ರಬ್ಬರಿನ ಅಂಚಿನಲ್ಲಿ ಬಣ್ಣದ ಗೆರೆ ಕಂಡರೆ ಅನುಮಾನ ಪಡಬೇಕು. ಕಾಣದ ಮೂಲೆಯಲ್ಲಿ ಬಳಸಲಿರುವ ದ್ರವವನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ, ಬಟ್ಟೆಗೆ ಬಣ್ಣ ಹತ್ತಿದರೆ ಆ ದ್ರವವನ್ನು ಅಲ್ಲಿಗೇ ಬಿಡಬೇಕು.

ಬಿಡಿಸುವ ಕ್ರಮ

ಶಾಂಪೂ ನೀರಿನಲ್ಲಿ ತೊಳೆದು, ಲಾಂಛನದ ಸಂದಿಯ ಮಣ್ಣನ್ನು ಹಳೆಯ ಮೆತ್ತನೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೆಗೆದು, ಒಣಗಿಸಬೇಕು. ಆಮೇಲೆ ಅಕ್ಷರಗಳ ಸುತ್ತ ಮಾಸ್ಕಿಂಗ್ ಟೇಪು. ಕೈ ಜಾರಿದರೆ ಪೆಟ್ಟು ಅದಕ್ಕೆ ಬೀಳುತ್ತದೆ, ಲಾಂಛನವನ್ನು ಮತ್ತೆ ಕೂರಿಸುವುದಿದ್ದರೆ ಜಾಗದ ಗುರುತೂ ಆಗುತ್ತದೆ. ಈ ಹಂತದಲ್ಲಿ ಮೊಬೈಲಿನಲ್ಲೊಂದು ಚಿತ್ರ ತೆಗೆದಿಟ್ಟುಕೊಳ್ಳುವುದು ಲೇಸು.

ನಂತರ ಶಾಖ. ಫೋಮ್ ಟೇಪು 50ರಿಂದ 60 ಡಿಗ್ರಿಗೆ ಮೆತ್ತಗಾಗುತ್ತದೆ. ಅಂಗೈ ಇಟ್ಟರೆ ಎರಡು ಮೂರು ಸೆಕೆಂಡಿಗಿಂತ ತಾಳಲಾಗದ ಬಿಸಿ ಎಂದು ಲೆಕ್ಕ. ಕೂದಲು ಒಣಗಿಸುವ ಡ್ರೈಯರ್ ಇದಕ್ಕೆ ಸರಿಯಾದ ಸಲಕರಣೆ. ಅರ್ಧ ಗೇಣು ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಒಂದೆರಡು ನಿಮಿಷ ಆಡಿಸಬೇಕು. ಸ್ಟಿಕ್ಕರ್ ಅಂಗಡಿಯ ಹೀಟ್ ಗನ್ನಿನಿಂದ ನೂರಾರು ಡಿಗ್ರಿಯ ಗಾಳಿ ಬರುತ್ತದೆ. ಪಳಗಿದ ಕೈಯಲ್ಲಿ ಅದು ಬೇಗ ಕೆಲಸ ಮುಗಿಸುತ್ತದೆ. ಹೊಸಬರ ಕೈಯಲ್ಲಿ ಬಣ್ಣ ಗುಳ್ಳೆ ಏಳುತ್ತದೆ, ಪ್ಲಾಸ್ಟಿಕ್ಕಿನ ಬಂಪರು ಸೊಟ್ಟಗಾಗುತ್ತದೆ. ಮಾರ್ಚ್ ಏಪ್ರಿಲಿನ ಮಂಡ್ಯದ ಮಧ್ಯಾಹ್ನದಲ್ಲಿ ಕಪ್ಪು ಕಾರಿನ ತಗಡು ತಾನಾಗಿಯೇ ಇಷ್ಟು ಕಾದಿರುತ್ತದೆ. ಒಂದು ಗಂಟೆ ಬಿಸಿಲಲ್ಲಿ ನಿಲ್ಲಿಸಿದರೆ ಡ್ರೈಯರ್ ಬೇಡ. ಚಳಿಗಾಲದ ಮುಂಜಾನೆಗಿಂತ ಈ ಹೊತ್ತು ಎಷ್ಟೋ ವಾಸಿ, ತಣ್ಣಗಿನ ಅಂಟು ಬಿರುಸಾಗಿ ಬಣ್ಣವನ್ನೂ ಜೊತೆಗೆ ಎಳೆಯುತ್ತದೆ. ವಿದ್ಯುತ್ ಇಲ್ಲದ ಕಡೆ, ಬಿಸಿನೀರಲ್ಲಿ ಅದ್ದಿ ಹಿಂಡಿದ ದಪ್ಪ ಬಟ್ಟೆಯನ್ನು ಐದು ನಿಮಿಷ ಒತ್ತಿ ಹಿಡಿದರೂ ನಡೆಯುತ್ತದೆ.

ಮೂರನೆಯದು ದಾರ. ಪರದೇಶಗಳಲ್ಲಿ ಹಲ್ಲಿನ ಸಂದಿ ಶುಚಿ ಮಾಡುವ ದಾರ ಬಳಸುತ್ತಾರೆ. ಕಾವೇರಿ ದಡದವರಿಗೆ ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರ ಸುಲಭದಲ್ಲಿ ಸಿಗುತ್ತದೆ, ಅದೇ ಹೆಚ್ಚು ಗಟ್ಟಿ ಕೂಡ. ಒಂದು ಮೊಳ ಕತ್ತರಿಸಿ, ಎರಡೂ ತುದಿಗೆ ಕಡ್ಡಿ ಕಟ್ಟಿಕೊಳ್ಳಬೇಕು. ಬರಿಬೆರಳಿಗೆ ಸುತ್ತಿದರೆ ಚರ್ಮ ಕೊಯ್ಯುತ್ತದೆ. ದಾರವನ್ನು ಲಾಂಛನದ ಮೇಲಂಚಿನ ಹಿಂದೆ ತೂರಿಸಿ, ಮೊಸರು ಕಡೆಯುವಾಗ ಕಡೆಗೋಲಿನ ಹಗ್ಗ ಎಳೆದಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯುತ್ತಾ ಕೆಳಗಿಳಿಸಬೇಕು. ದಾರ ಬಣ್ಣಕ್ಕೆ ಉಜ್ಜದೆ ಫೋಮಿನ ನಡುವೆ, ಲಾಂಛನದ ಬೆನ್ನಿನ ಕಡೆಗೆ ಹೋಗಬೇಕು. ಬಿಗಿ ಎನಿಸಿದರೆ ಬಲ ಹಾಕುವ ಬದಲು ಮತ್ತೆ ಶಾಖ ಕೊಡಬೇಕು. ಗಾಜಿನ ಪುಡಿ ಮೆತ್ತಿದ ಗಾಳಿಪಟದ ಮಾಂಜಾ ದಾರ, ತಂತಿ ಇವೆರಡನ್ನೂ ಮುಟ್ಟಬಾರದು.

ಅಕ್ಷರಗಳ ಹಿಂದೆ ಸಾಮಾನ್ಯವಾಗಿ ಅಂಟು ಬಿಟ್ಟು ಬೇರೇನೂ ಇರುವುದಿಲ್ಲ. ಗುಂಡನೆಯ ಕಂಪನಿ ಲಾಂಛನಕ್ಕೆ ಮಾತ್ರ ಜಾಗ ತಪ್ಪದಿರಲೆಂದು ಎರಡು ಮೊಳೆಯಂಥ ಕಡ್ಡಿ ಇರುವುದುಂಟು. ದಾರ ಸರಾಗವಾಗಿ ಬಂದು ಥಟ್ಟನೆ ನಿಂತರೆ ಕಡ್ಡಿ ಇದೆ ಎಂದೇ ಅರ್ಥ. ಅದರ ಸುತ್ತ ಅಂಟು ಕೊಯ್ದು ನೇರವಾಗಿ ಹೊರಕ್ಕೆ ಎಳೆಯಬೇಕು, ತಿರುಚಬಾರದು. ಉಳಿದ ತೂತಿಗೆ ರಬ್ಬರ್ ಬಿರಡೆ ಹಾಕಬೇಕು.

ವಿನೈಲ್ ಸ್ಟಿಕ್ಕರಿಗೆ ದಾರ ಬೇಡ. ಬಿಸಿ ಮಾಡಿ, ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಬಂದ ಹಾಳೆಯನ್ನು ತನ್ನ ಮೇಲೆ ತಾನೇ ಮಡಚಿದಂತೆ ಹಿಂದಕ್ಕೆ ನಿಧಾನವಾಗಿ ಎಳೆದರೆ ಅಂಟು ಹಾಳೆಯ ಜೊತೆಗೇ ಬರುತ್ತದೆ. ನೆಟ್ಟಗೆ ಮೇಲಕ್ಕೆ ಎಳೆದರೆ ಅಂಟು ಕೆಳಗೇ ಉಳಿಯುತ್ತದೆ. ಹತ್ತು ವರ್ಷ ಬಿಸಿಲು ತಿಂದ ಸ್ಟಿಕ್ಕರು ಬಿಸಿಗೂ ಬಗ್ಗದೆ ಚೂರುಚೂರಾಗುತ್ತದೆ. ಅಲ್ಲಿ ಹಳೆಯ ಎಟಿಎಂ ಕಾರ್ಡಿನಂಥ ಪ್ಲಾಸ್ಟಿಕ್ ಅಂಚು ಬಳಸಿ ಇಂಚಿಂಚಾಗಿ ತೆಗೆಯಬೇಕು. ಬ್ಲೇಡು, ಸ್ಕ್ರೂಡ್ರೈವರ್, ಪುಟ್ಟಿ ಹಚ್ಚುವ ಉಕ್ಕಿನ ಹಲಗೆ ಗಾಜಿನ ಮೇಲೆ ಸರಿ, ಬಣ್ಣದ ಮೇಲೆ ಸಲ್ಲವು. ಕೈಚಳಕವಿದ್ದವರೂ ಒಂದಲ್ಲ ಒಂದು ಸಲ ಮೂಲೆ ತಾಗಿಸಿಯೇ ತಾಗಿಸುತ್ತಾರೆ.

ಉಳಿದ ಅಂಟು

ಲಾಂಛನ ಬಂದ ಮೇಲೆ ಬೂದು, ಕಪ್ಪು ಫೋಮಿನ ಮುದ್ದೆ ಉಳಿಯುತ್ತದೆ. ಇಲ್ಲಿ ಹೆಬ್ಬೆರಳಿಗಿಂತ ಒಳ್ಳೆಯ ಸಲಕರಣೆಯಿಲ್ಲ. ಬಿಸಿಯಿರುವಾಗಲೇ ಒತ್ತಿ ಉರುಳಿಸಿದರೆ ಗೋಧಿ ಹಿಟ್ಟಿನ ಮುದ್ದೆಯಂತೆ ಸುತ್ತಿಕೊಂಡು ಬರುತ್ತದೆ. ಕೊನೆಯ ತೆಳು ಜಿಗುಟಿಗಷ್ಟೇ ದ್ರವ. ಅದಕ್ಕೆ ಮುಂಚೆ ಕಾರನ್ನು ನೆರಳಿಗೆ ತಂದು ತಗಡನ್ನು ಆರಲು ಬಿಡಬೇಕು. ಕಾದ ತಗಡಿನ ಮೇಲೆ ದ್ರವ ಕೆಲಸ ಮಾಡುವ ಮೊದಲೇ ಆವಿಯಾಗಿ ಕಲೆ ಉಳಿಸುತ್ತದೆ. ಸ್ಪಿರಿಟ್, ಪೆಟ್ರೋಲಿನಂಥವು ಸುಲಭದಲ್ಲಿ ಹೊತ್ತಿಕೊಳ್ಳುವಂಥವು. ಡ್ರೈಯರ್ ಆರಿಸಿ ಪಕ್ಕಕ್ಕಿಟ್ಟ ಮೇಲೆಯೇ ಅವುಗಳ ಮುಚ್ಚಳ ತೆಗೆಯಬೇಕು.

ಮನೆಯಲ್ಲಿರುವ ದ್ರವಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ನೀಲಗಿರಿ ಎಣ್ಣೆಗೆ. ಊಟಿಗೆ ಹೋದವರು ನೆಗಡಿಗೆಂದು ತರುವ ಆ ಸಣ್ಣ ಶೀಶೆಯಲ್ಲಿನ ಸಿನಿಯೋಲ್ ಎಂಬ ಅಂಶ ಅಂಟನ್ನು ಚೆನ್ನಾಗಿ ಕರಗಿಸುತ್ತದೆ. ಬಟ್ಟೆಗೆ ಹಾಕಿ ಅಂಟಿನ ಮೇಲೆ ಎರಡು ಮೂರು ನಿಮಿಷ ಇಟ್ಟು ಒರೆಸಬೇಕು. ಕೆಲವು ಪ್ಲಾಸ್ಟಿಕ್ಕುಗಳನ್ನು ಅದು ಮಬ್ಬು ಮಾಡುತ್ತದೆ, ಹಿಂದಿನ ದೀಪದ ಪ್ಲಾಸ್ಟಿಕ್ ಹೊದಿಕೆಗೆ ತಾಗಿಸಬಾರದು. ಐಸೊಪ್ರೊಪೈಲ್ ಸ್ಪಿರಿಟ್ ಕಾರ್ಖಾನೆ ಬಣ್ಣದ ಮೇಲೆ ಸುರಕ್ಷಿತ, ಎಣ್ಣೆಯ ಜಿಡ್ಡು ತೆಗೆಯಲೂ ಒಳ್ಳೆಯದು. ಸೀಮೆಎಣ್ಣೆ, ಟರ್ಪೆಂಟೈನ್ ನಿಧಾನ, ಆದರೆ ಮೃದು. ಆಮೇಲೆ ಸೋಪುನೀರಿನಲ್ಲಿ ತೊಳೆಯಬೇಕು. ತೆಂಗಿನೆಣ್ಣೆಯೂ ಸೆಲ್ಲೊಟೇಪಿನಂಥ ಎಳೆಯ ಅಂಟಿಗೆ ಸಾಕಾಗುತ್ತದೆ, ರಾತ್ರಿಯಿಡೀ ಹಚ್ಚಿಡುವ ತಾಳ್ಮೆ ಬೇಕು.

ಥಿನ್ನರ್ ಬೇರೆಯೇ ಜಾತಿ. ಪೇಂಟರ್ ಅಂಗಡಿಯಲ್ಲಿ ಕೈಗೆಟುಕುವ ಡಬ್ಬಿ ಅದೇ ಆದ್ದರಿಂದ ಎಲ್ಲಕ್ಕೂ ಅದನ್ನೇ ಎತ್ತುತ್ತಾರೆ. ಮರುಬಣ್ಣದ ಮೇಲೆ, ಬಂಪರಿನ ಮೇಲೆ, ಕಪ್ಪು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅದರಿಂದ ಆಗುವ ಹಾನಿಗೆ ಮದ್ದಿಲ್ಲ. ಉಗುರುಬಣ್ಣ ತೆಗೆಯುವ ಅಸಿಟೋನ್ ಕೂಡ ಅದೇ ಸಾಲಿನದು. ಎಲ್ಲಕ್ಕಿಂತ ಕೆಟ್ಟದ್ದು ಬ್ರೇಕ್ ಆಯಿಲ್. ಅದು ಅಂಟಿಗಿಂತ ಮೊದಲು ಬಣ್ಣವನ್ನೇ ಎಬ್ಬಿಸುತ್ತದೆ. ಡ್ರಿಲ್ಲಿಗೆ ಸಿಕ್ಕಿಸುವ ರಬ್ಬರ್ ಚಕ್ರ ಫೋಮನ್ನು ಅಳಿಸುವುದು ನಿಜ. ಒಂದೇ ಕಡೆ ಹೆಚ್ಚು ಹೊತ್ತು ಹಿಡಿದರೆ ಉಜ್ಜಿದ ಶಾಖಕ್ಕೆ ಕ್ಲಿಯರ್ ಕೋಟ್ ಸುಟ್ಟು ಮಬ್ಬಾಗುತ್ತದೆ.

ನೆರಳಚ್ಚು

ಎಲ್ಲ ಒರೆಸಿದ ಮೇಲೂ ಓರೆ ಬೆಳಕಿನಲ್ಲಿ ಹಳೆಯ ಹೆಸರು ಓದಿಸುವುದುಂಟು. ಇದಕ್ಕೆ ಕಾರಣ ಎರಡು. ಅಂಚಿನಲ್ಲಿ ವರ್ಷಗಳಿಂದ ಕಟ್ಟಿದ ಕೊಳೆ, ಮೇಣದ ಗೆರೆ ಒಂದು. ಪಾಲಿಶ್ ಹಾಕಿ ಕೈಯಲ್ಲಿ ಉಜ್ಜಿದರೆ ಅದು ಹೋಗುತ್ತದೆ. ಇನ್ನೊಂದು ನಿಜವಾದ ಛಾಯಾಭೇದ: ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿ, ಲಾಂಛನದಡಿಯದು ಹೊಸದಾಗಿಯೇ ಉಳಿದಿರುತ್ತದೆ. ಕ್ಲಿಯರ್ ಕೋಟ್ ಇಲ್ಲದ ಹಳೆಯ ಕೆಂಪು ಕಾರುಗಳಲ್ಲಿ ಇದು ಢಾಳಾಗಿ ಕಾಣುತ್ತದೆ. ಮಾಸಿದ ಮೇಲ್ಪದರವನ್ನು ಪಾಲಿಶ್ ಕೆಲವೇ ಮೈಕ್ರಾನ್ ಸವೆಸಿ ಸಮ ಮಾಡುತ್ತದೆ. ಪೂರ್ತಿ ಹೋಗದಿದ್ದರೆ ಉಳಿದ ಕೆಲಸವನ್ನು ನಾಲ್ಕಾರು ತಿಂಗಳ ಬಿಸಿಲೇ ಮಾಡುತ್ತದೆ, ಮತ್ತೆ ಮತ್ತೆ ಉಜ್ಜಿ ತೆಳ್ಳಗೆ ಮಾಡಿಕೊಳ್ಳುವುದು ದಂಡ. ಕೆಲಸ ಮುಗಿದ ಜಾಗಕ್ಕೆ ಮೇಣ ಹಚ್ಚಬೇಕು, ದ್ರವಗಳು ಹಳೆಯ ಮೇಣವನ್ನೂ ತೆಗೆದುಬಿಟ್ಟಿರುತ್ತವೆ.

ತೆಗೆಯಬೇಕಾದವು, ತೆಗೆಯಬಾರದವು

ಮಾದರಿಯ ಹೆಸರು ತೆಗೆದರೆ ನೋಂದಣಿ ಪತ್ರ ಬದಲಿಸಬೇಕಿಲ್ಲ, ವಾಹನದ ಗುರುತು ಇರುವುದು ಷಾಸಿ ಮತ್ತು ಎಂಜಿನ್ ಸಂಖ್ಯೆಯಲ್ಲಿ. ಮೈಬಣ್ಣ ಬದಲಿಸಿದರೆ ಆರ್‌ಟಿಒಗೆ ತಿಳಿಸಬೇಕು. ರಾಷ್ಟ್ರ ಲಾಂಛನವನ್ನು ಅಧಿಕಾರವಿಲ್ಲದೆ ಬಳಸುವುದನ್ನು 2005ರ ಕಾಯ್ದೆ ನಿಷೇಧಿಸುತ್ತದೆ. ಹಳೆ ಸರ್ಕಾರಿ ಕಾರನ್ನು ಹರಾಜಿನಲ್ಲಿ ಕೊಂಡವರು ಮೊದಲ ದಿನವೇ ಅಂಥ ಗುರುತು ಬಿಡಿಸಬೇಕು. ಗಾಜಿನ ಕಪ್ಪು ಹಾಳೆಗಳನ್ನು ಸುಪ್ರೀಂ ಕೋರ್ಟ್ 2012ರ ಏಪ್ರಿಲ್‌ನಲ್ಲಿ ನಿಷೇಧಿಸಿದಾಗ ಊರೂರಿನಲ್ಲಿ ಅವನ್ನು ಸುಲಿಸಿದ್ದು ಹಲವರಿಗೆ ನೆನಪಿರಬಹುದು.

ಮುಟ್ಟಬಾರದವೂ ಇವೆ. 2019ರ ಏಪ್ರಿಲ್ 1ರ ನಂತರದ ಕಾರುಗಳ ಮುಂಗಾಜಿನ ಒಳಗೆ ಇಂಧನ ಸೂಚಿಸುವ ಬಣ್ಣದ ಚೀಟಿ ಇರುತ್ತದೆ: ಪೆಟ್ರೋಲಿಗೆ ತಿಳಿನೀಲಿ, ಡೀಸೆಲಿಗೆ ಕಿತ್ತಳೆ. ಕೀಳಲು ಹೋದರೆ ಅದು ಹರಿದುಹೋಗುವಂತೆಯೇ ಮಾಡಲಾಗಿದೆ. ಫಾಸ್ಟ್ಯಾಗ್ ಕೂಡ ಹಾಗೆಯೇ. ಕಿತ್ತು ಬೇರೆ ಗಾಜಿಗೆ ಅಂಟಿಸಿದರೆ ಬೆಂಗಳೂರು ಮೈಸೂರು ರಸ್ತೆಯ ಗಣಂಗೂರು ಟೋಲ್‌ನಲ್ಲಿ ಓದಿಸದು. ಕಬ್ಬಿನ ಗಾಡಿಗಳ, ಟ್ರೈಲರುಗಳ ಹಿಂದಿನ ಕೆಂಪು ಪ್ರತಿಫಲಕ ಪಟ್ಟಿ ಅಂದಗೆಟ್ಟಿದೆ ಎಂದು ಸುಲಿಯುವುದು ಜೀವಕ್ಕೆ ಎರವು. ಕಟಾವಿನ ಕಾಲದಲ್ಲಿ ದೀಪವಿಲ್ಲದ ಟ್ರೈಲರು ಕತ್ತಲ ರಸ್ತೆಯಲ್ಲಿ ಕಾಣುವುದು ಆ ಪಟ್ಟಿಯಿಂದಲೇ. ಹಳತಾದರೆ ಅದೇ ದಿನ ಹೊಸದನ್ನು ಅಂಟಿಸಬೇಕು.

ಮತ್ತೆ ಅಂಟಿಸುವುದು

ಬಣ್ಣ ಹೊಡೆಸಲೆಂದು ಬಿಡಿಸಿದ ಲಾಂಛನ ಮುರಿಯದೆ ಬಂದಿದ್ದರೆ ಮತ್ತೆ ಬಳಸಬಹುದು. ಬೆನ್ನಿನ ಹಳೆಯ ಫೋಮನ್ನು ಪೂರ್ತಿ ಉರುಳಿಸಿ ತೆಗೆದು, ಹೊಸ ಫೋಮ್ ಟೇಪನ್ನು ಅಕ್ಷರದ ಆಕಾರಕ್ಕೆ ಕತ್ತರಿಸಿ ಅಂಟಿಸಬೇಕು. ಫೆವಿಕ್ವಿಕ್ ಹನಿ ಹಾಕಿ ಕೂರಿಸುವ ಅಭ್ಯಾಸ ಬಿಡಬೇಕು. ಅದು ಬಣ್ಣವನ್ನೇ ಹಿಡಿದು ಗಟ್ಟಿಯಾಗುತ್ತದೆ, ಮುಂದಿನ ಸಲ ಬಿಡಿಸುವವರಿಗೆ ದಾರ ತೂರಿಸಲು ಸಂದಿಯೇ ಇರುವುದಿಲ್ಲ. ಹೊಸ ಬಣ್ಣ ಪೂರ್ತಿ ಗಟ್ಟಿಯಾಗಲು ಪೇಂಟರ್ ಹೇಳಿದಷ್ಟು ದಿನ ಕಾದು, ಜಾಗವನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಮೊದಲೇ ತೆಗೆದ ಚಿತ್ರ ನೋಡಿಕೊಂಡು ಮಾಸ್ಕಿಂಗ್ ಟೇಪಿನ ಗೆರೆ ಹಾಕಿ ಅಕ್ಷರಗಳನ್ನು ಒಂದೊಂದಾಗಿ ಒತ್ತಬೇಕು. ಅಕ್ರಿಲಿಕ್ ಅಂಟು ಒಂದು ದಿನಕ್ಕೆ ಬಹುಪಾಲು, ಸುಮಾರು 72 ಗಂಟೆಗೆ ಪೂರ್ತಿ ಕಚ್ಚುತ್ತದೆ. ಅಲ್ಲಿಯವರೆಗೆ ಸರ್ವಿಸ್ ಸ್ಟೇಷನ್ನಿನ ಜೋರು ನೀರಿಗೆ ಕಾರನ್ನು ಒಡ್ಡಬಾರದು.